ಮಿಸೆಸ್ ಹಾರ್ಟ್‌ಲಿ ಯಾವ ನಕ್ಷತ್ರದಲ್ಲಿ ತೀರಿಕೊಂಡರು?

ಕೆಲವರಿಗೆ ದೇವಸ್ಥಾನದಲ್ಲಿ ಕೂತರೆ ಮನಸ್ಸಿಗೆ ನೆಮ್ಮದಿ, ಕೆಲವರಿಗೆ ಹೊಳೆ ದಂಡೆಯಲ್ಲಿ. ನನಗೆ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ. ಹತ್ತು ಜನರೆದುರು ಹೇಳಿಕೊಳ್ಳುವ ಮಾತಲ್ಲ ಇದು, ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏನು? ಕೈಯಲ್ಲೊಂದು ಟೋಕನ್ ಚೀಟಿ ಇರಬೇಕು, ರೇಡಿಯೇಟರಿನ ಬಿಸಿ ಮೊಣಕಾಲಿಗೆ ಹದವಾಗಿ ತಾಗುತ್ತಿರಬೇಕು, ಕಿಟಕಿಯ ಆಚೆ ಲಂಡನ್ನಿನ ಮಂಕು ಬೆಳಕು ಬೆಳಿಗ್ಗೆಯೋ ಸಂಜೆಯೋ ಗೊತ್ತಾಗದ ಹಾಗೆ ನಿಂತಿರಬೇಕು. ಅಲ್ಲಿ ಕೂತವನನ್ನು ಯಾರೂ ಏನು ಮಾಡುತ್ತಿದ್ದೀಯ ಅಂತ ಕೇಳುವುದಿಲ್ಲ. ಕಾಯುವುದೇ ಅಲ್ಲಿಯ ಕೆಲಸ. ಕಣ್ಣು ಅರ್ಧ ಮುಚ್ಚಿ, ಗಾಜಿನ ಆಚೆ ಓಡಾಡುವ ಫೈಲುಗಳನ್ನು ನೋಡುತ್ತಾ ಕೂತರೆ ನಾನು ಎಲ್ಲೆಲ್ಲಿಗೋ ಹೋಗಿ ಬಂದಿರುತ್ತೇನೆ. "ಇವರನ್ನ ಕೌನ್ಸಿಲ್ ಆಫೀಸಿಗೆ ಕಳಿಸೋದೂ ಒಂದೇ, ತವರುಮನೆಗೆ ಕಳಿಸೋದೂ ಒಂದೇ. ಹೋದವರು ಬರೋ ಮಾತೇ ಇಲ್ಲ," ಎಂದು ನನ್ನ ಹೆಂಡತಿ ವತ್ಸಲಾ ಬಂದವರ ಮುಂದೆಲ್ಲ ಹೇಳುತ್ತಾಳೆ.

ಇದು ನನಗೆ ಸೋದರಮಾವನಿಂದ ಬಂದ ಆಸ್ತಿ. ಮೈಸೂರಿನಲ್ಲಿ ನಮ್ಮ ಮಾವ ಪಹಣಿ ತೆಗೆಸುವ ನೆಪದಲ್ಲಿ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದರು, ಬುತ್ತಿ ಕಟ್ಟಿಕೊಂಡು. ರೆಕಾರ್ಡ್ ರೂಮಿನ ಕೆಂಪು ಬಟ್ಟೆಯ ಗಂಟುಗಳ ಎದುರು ಕೂತು ಮೊಸರನ್ನ ತಿಂದು, ಅಲ್ಲೇ ಒಂದು ಕೋಳಿನಿದ್ದೆ ತೆಗೆದು, ಸಂಜೆ "ಇವತ್ತು ಸಿಗಲಿಲ್ಲ ಕಣಯ್ಯಾ" ಅಂತ ಸಂತೋಷದಿಂದ ಮನೆಗೆ ಬರುತ್ತಿದ್ದರು. ಪಹಣಿ ಸಿಕ್ಕ ದಿವಸ ಅವರ ಮುಖ ಸಪ್ಪೆಯಾಗಿತ್ತು. ಇಲ್ಲಿಯ ಕೌನ್ಸಿಲ್‌ನವರ, ಅಂದರೆ ಪುರಸಭೆಯವರ, ಮೇಲೆ ನನಗಿರುವ ದೂರು ಒಂದೇ. ಕೇಳಿದ್ದನ್ನು ಬೇಗ ಕೊಟ್ಟುಬಿಡುತ್ತಾರೆ. ಕನಸು ಇನ್ನೂ ಕುದುರುವಷ್ಟರಲ್ಲಿ ನಂಬರ್ ಕೂಗಿಬಿಡುತ್ತಾರೆ.

ಆದರೆ ಒಂದು ಸಲ, ಒಂದೇ ಒಂದು ಸಲ, ಅವರು ನನಗೆ ಬೇಕಾದ್ದನ್ನು ಕೊಡಲಾರದೆ ಹೋದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಆಗ ಒಂದು ಆಸ್ಪತ್ರೆಯ ಸಂಬಳದ ವಿಭಾಗದಲ್ಲಿ ಗುಮಾಸ್ತ. ನಾವಿಬ್ಬರೂ ಕಿಂಗ್ಸ್‌ಬರಿಯಲ್ಲಿ ಒಂದು ಸಿಹಿತಿಂಡಿ ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿ ಬಾಡಿಗೆಗೆ ಇದ್ದೆವು. ಬೆಳಗಾದರೆ ಜಿಲೇಬಿ ಕರಿಯುವ ವಾಸನೆ ನೆಲದೊಳಗಿಂದ ಎದ್ದು ಬರುತ್ತಿತ್ತು. ಮೊದಲ ತಿಂಗಳು ನಾವು ಅದನ್ನು ಅದೃಷ್ಟ ಅಂದುಕೊಂಡಿದ್ದೆವು. ಆಮೇಲೆ ನಮ್ಮ ಕೋಟು, ಹಾಸಿಗೆ, ದೇವರ ಪಟ ಎಲ್ಲಕ್ಕೂ ಅದೇ ವಾಸನೆ. ವತ್ಸಲಾಗೆ ಸ್ವಂತ ಮನೆ ಬೇಕಿತ್ತು. ನೆಲದ ಮೇಲೆ ನಿಂತ ಮನೆ, ಹಿಂದೆ ಒಂದಿಷ್ಟು ಮಣ್ಣು, ಕರಿಬೇವು ಬದುಕಲಿ ಬಿಡಲಿ ನೆಡಲೊಂದು ಜಾಗ.

ಶನಿವಾರ ಶನಿವಾರ ಮನೆ ನೋಡಿದ್ದೇ ನೋಡಿದ್ದು. ಒಂದಕ್ಕೆ ಬಾಗಿಲು ದಕ್ಷಿಣಕ್ಕೆ, ಇನ್ನೊಂದರ ಅಡುಗೆಮನೆಯಲ್ಲಿ ಎರಡು ಜನ ನಿಂತರೆ ಮೂರನೆಯ ಪಾತ್ರೆಗೆ ಜಾಗವಿಲ್ಲ. ಕಡೆಗೆ ಕೆಂಟನ್‌ನಲ್ಲಿ ಒಂದು ಮನೆ ಸಿಕ್ಕಿತು. ಬಾಗಿಲು ಪೂರ್ವಕ್ಕೆ. ಕೆಳಗೆ ಹಿಂಭಾಗದಲ್ಲಿ ಒಂದು ಕೋಣೆ, ಅದರ ದೊಡ್ಡ ಕಿಟಕಿ ತೋಟದ ಕಡೆಗೆ. ವತ್ಸಲಾ ಆ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟಳು. ಹೊರಗೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಒಂದು ಸೇಬಿನ ಮರ ತನ್ನ ಪಾಡಿಗೆ ತಾನು ಕಾಯಿ ಉದುರಿಸಿಕೊಂಡು ನಿಂತಿತ್ತು. "ಇಲ್ಲೇ ಕಾಫಿ ಕುಡಿಯೋದು," ಅಂದಳು ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಇಷ್ಟು ವರ್ಷಗಳಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಏನಾದರೂ ಆಗಲಿ, ಈ ಮನೆ ಇವಳಿಗೆ ಸಿಗಬೇಕು ಅಂತ ನನಗೆ ಆಗಲೇ ಅನ್ನಿಸಿತು.

ತೊಂದರೆ ಶುರುವಾದದ್ದು ಮಹಡಿಯ ಮೇಲೆ. ಬೀರುವಿನಲ್ಲಿ ವಯಸ್ಸಾದ ಹೆಂಗಸಿನ ಕೋಟುಗಳು ಹಾಗೇ ನೇತಾಡುತ್ತಿದ್ದವು. ಮಂಚದ ಪಕ್ಕ ಒಂದು ಕನ್ನಡಕ. ಗೋಡೆಯ ಕ್ಯಾಲೆಂಡರು ಏಪ್ರಿಲ್‌ನಲ್ಲೇ ನಿಂತಿತ್ತು, ನಾವು ನೋಡಲು ಹೋದದ್ದು ಸೆಪ್ಟೆಂಬರಿನಲ್ಲಿ. ಮನೆ ತೋರಿಸಲು ಬಂದಿದ್ದ ಏಜೆಂಟ್ "ಓನರ್ ಈಗ ಇಲ್ಲಿಲ್ಲ, ಸಂಬಂಧಿಕರು ಮಾರುತ್ತಿದ್ದಾರೆ" ಅಂತಷ್ಟೇ ಹೇಳಿ ಬಾಯ್ಲರು ಎಷ್ಟು ಹೊಸದು ಅನ್ನುವ ಕಡೆಗೆ ಹೊರಟುಹೋದ. ನಾನು ಬಾಯಿ ತೆರೆಯುವಷ್ಟರಲ್ಲಿ ವತ್ಸಲಾ ನನ್ನ ತೋಳು ಚಿವುಟಿದಳು. ಮೆಟ್ಟಿಲು ಇಳಿಯುತ್ತಾ ಕನ್ನಡದಲ್ಲಿ, "ಶುಭಕಾರ್ಯಕ್ಕೆ ಬಂದು ಅಂಥಾ ಮಾತೆಲ್ಲ ಎತ್ತಬೇಡಿ. ಮನೆ ನೋಡೋಕೆ ಬಂದೋರು ಯಾರು ಸತ್ತರು ಅಂತ ಕೇಳ್ತಾರೇನ್ರೀ?" ಅಂದಳು. ಅದೂ ಸರಿಯೇ. ನಮ್ಮ ಕಡೆ ಬದುಕಿರುವ ತಾಯಿಯ ಮನೆಯನ್ನು ಅವಳ ಕೋಟು ಕನ್ನಡಕದ ಸಮೇತ ಯಾರೂ ಮಾರುವುದಿಲ್ಲ. ಹಾಗಾಗಿ ಆ ಮುದುಕಿ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದಾರೆ ಅನ್ನುವುದರಲ್ಲಿ ನಮಗಿಬ್ಬರಿಗೂ ಸಂಶಯವೇ ಇರಲಿಲ್ಲ.

ಆ ಭಾನುವಾರ ನಮ್ಮತ್ತೆ, ವತ್ಸಲಾಳ ತಾಯಿ, ಮೈಸೂರಿನಿಂದ ಫೋನ್ ಮಾಡಿದರು. ಬಾಗಿಲ ದಿಕ್ಕು ಕೇಳಿ ಸಂತೋಷಪಟ್ಟರು. ಮನೆಯ ಮುದುಕಿ ತೀರಿಕೊಂಡಿದ್ದಾರೆ ಅಂದದ್ದಕ್ಕೆ, "ಆಯಮ್ಮ ಮನೇಲೇ ಹೋದ್ರಾ, ಆಸ್ಪತ್ರೇಲಾ? ಯಾವ ನಕ್ಷತ್ರ? ಪಂಚಕ ಅಲ್ಲ ತಾನೆ?" ಅಂದರು. ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಧನಿಷ್ಠಾ ಮೊದಲಾದ ಕೆಲವು ನಕ್ಷತ್ರಗಳಲ್ಲಿ, ಅದಕ್ಕೇ ಪಂಚಕ ಅನ್ನುವುದು, ಯಾರಾದರೂ ಮನೆಯೊಳಗೆ ಪ್ರಾಣ ಬಿಟ್ಟರೆ ಆ ಮನೆಗೆ ಕೆಲವು ತಿಂಗಳು ಬೀಗ ಹಾಕಿ, ಎಲ್ಲರೂ ಹೊರಗೆ ಹೋಗಿ ಇರಬೇಕು. ಬಿಡದೆ ಇದ್ದರೆ ಮನೆಗೆ ಕೇಡು ಅನ್ನುತ್ತಾರೆ. ನಾನು ಫೋನಿನಲ್ಲೇ ನಕ್ಕುಬಿಟ್ಟೆ. "ಅತ್ತೆ, ಇಲ್ಲಿ ವಕೀಲರ ಕೆಲಸ ಮುಗಿಯೋ ಹೊತ್ತಿಗೆ ಹೇಗೂ ಆರು ತಿಂಗಳು ಬೀಗ ಬಿದ್ದಿರುತ್ತೆ. ಇಡೀ ಇಂಗ್ಲೆಂಡಿಗೆ ಇಂಗ್ಲೆಂಡೇ ಶಾಸ್ತ್ರ ಪಾಲಿಸ್ತಾ ಇದೆ," ಅಂದೆ. ಅತ್ತೆ ನಗಲಿಲ್ಲ. ತಿರುಗಿ ನೋಡಿದರೆ ವತ್ಸಲಾ ಕೂಡ ನಗುತ್ತಿರಲಿಲ್ಲ.

ಅವಳು ಎಂಟೋ ಒಂಬತ್ತೋ ವರ್ಷದವಳಿದ್ದಾಗ ಅವಳ ಅಜ್ಜ ಹೀಗೇ ಕೆಟ್ಟ ನಕ್ಷತ್ರದಲ್ಲಿ ಹೋಗಿದ್ದರಂತೆ. ಹದಿಮೂರನೆಯ ದಿನ ಮುಗಿಸಿ ಮನೆಗೆ ಬೀಗ ಜಡಿದು, ಎದುರುಮನೆಯವರು ಬಿಟ್ಟುಕೊಟ್ಟ ಒಂದು ಕೋಣೆಯಲ್ಲಿ ಎಲ್ಲರೂ ಇದ್ದರಂತೆ. ಇವಳು ದಿನಾ ಸ್ಕೂಲಿನಿಂದ ಬಂದು ಎದುರುಮನೆಯ ಜಗುಲಿಯಿಂದ ತನ್ನ ಮನೆಯ ಬೀಗ ನೋಡುತ್ತಾ ಕೂರುತ್ತಿದ್ದಳಂತೆ. "ಬಾಗಿಲು ತೆಗೆದ ದಿವಸ ಒಳಗೆ ಹೋದರೆ ಅದು ನಮ್ಮ ಮನೆ ಥರ ಇರಲೇ ಇಲ್ಲ ಕಣ್ರೀ. ಮನೆ ನಮ್ಮನ್ನ ಮರೆತುಬಿಟ್ಟಿತ್ತು," ಅಂದಳು. "ಶಾಸ್ತ್ರ ನಿಜವೋ ಸುಳ್ಳೋ ನಂಗೊತ್ತಿಲ್ಲ. ಈ ಮನೆ ನಂಗೆ ಬೇಕು. ಆದರೆ ತಗೊಂಡಮೇಲೆ ಒಂದು ದಿವಸ ಯಾರೋ ಬಂದು ಅದು ಹಿಂಗಾಗಿತ್ತು ಅಂದ್ರೆ ನಾನು ಆ ಮನೇಲಿ ನಿದ್ದೆ ಮಾಡಲಾರೆ. ತಿಳ್ಕೊಂಡು ಬನ್ನಿ." ನನ್ನ ನಗು ನಿಂತುಹೋಯಿತು.

ಏಜೆಂಟನನ್ನು ಕೇಳುವಂತಿಲ್ಲ, ಅಶುಭ. ನೆರೆಯವರನ್ನು ಕೇಳುವಂತಿಲ್ಲ, ನಾಳೆ ಅವರೇ ನಮ್ಮ ನೆರೆಯವರು. ಉಳಿದದ್ದು ಕೌನ್ಸಿಲ್. ಈ ದೇಶದಲ್ಲಿ ಯಾರು ಬೇಕಾದರೂ ಯಾರ ಮರಣದ ಪ್ರಮಾಣಪತ್ರದ ನಕಲನ್ನಾದರೂ ಕೇಳಬಹುದು ಅನ್ನುವ ಸಂಗತಿ ನನಗೆ ಆಫೀಸಿನಿಂದಾಗಿ ಗೊತ್ತಿತ್ತು. ಅದರಲ್ಲಿ ಸತ್ತ ಜಾಗ, ತಾರೀಖು ಎರಡೂ ಇರುತ್ತವೆ. ಊರಿಂದ ತರಿಸಿದ ಪಂಚಾಂಗ ಮನೆಯಲ್ಲೇ ಇತ್ತು. ಬುಧವಾರ ನನಗೆ ಮಧ್ಯಾಹ್ನ ರಜ. ನಿಜ ಹೇಳಲೇ? ನನ್ನ ಮನಸ್ಸು ಒಳಗೊಳಗೇ ಕುಣಿಯುತ್ತಿತ್ತು.

ಮೊದಲು ಹೆಸರು ಬೇಕು. ಲೈಬ್ರರಿಗೆ ಹೋಗಿ ಮತದಾರರ ಪಟ್ಟಿ ತೆಗೆಸಿದೆ. ಅದನ್ನು ನೀವು ಎಂದಾದರೂ ಓದಿದ್ದೀರಾ? ರಸ್ತೆ ರಸ್ತೆಯಾಗಿ, ಮನೆ ಮನೆಯಾಗಿ ಹೆಸರುಗಳು. ಹದಿನೆಂಟು ತುಂಬಲಿರುವ ಮಕ್ಕಳ ಹೆಸರಿನ ಮುಂದೆ ಅವರು ಹುಟ್ಟಿದ ದಿನ. ಪಟೇಲರು, ಷಾಗಳು, ಒಂದು ಮನೆಯಲ್ಲಿ ಏಳು ಜನ, ಪಕ್ಕದಲ್ಲಿ ಒಬ್ಬರೇ ಒಬ್ಬ ಮರ್ಫಿ. ಯಾರು ಯಾರ ಜೊತೆ ಊಟ ಮಾಡುತ್ತಾರೆ, ಯಾರು ಒಬ್ಬರೇ ಟೀವಿ ನೋಡುತ್ತಾರೆ, ಎಲ್ಲ ಅದರಲ್ಲಿದೆ. ನಾನು ಬೇಕಾದ ಮನೆಯ ನಂಬರ್ ಹುಡುಕುವುದು ಬಿಟ್ಟು ಮೂರು ರಸ್ತೆ ಸುತ್ತಿ ಬಂದೆ. ಕಡೆಗೆ ನಮ್ಮ ಮನೆ, ಅಂದರೆ ನಮ್ಮದಾಗಬೇಕಾಗಿದ್ದ ಮನೆ, ಸಿಕ್ಕಿತು. ಒಂದೇ ಹೆಸರು. ವಿನಿಫ್ರೆಡ್ ಹಾರ್ಟ್‌ಲಿ. ಸತ್ತವರ ಹೆಸರು ಮುಂದಿನ ಪಟ್ಟಿ ಬರುವ ತನಕ ಹಾಗೇ ಉಳಿದಿರುತ್ತದೆ ಅಂತ ಲೈಬ್ರರಿಯವರು ಹೇಳಿದರು. ನನಗೆ ಅದು ಬಹಳ ದಯೆಯ ಏರ್ಪಾಡು ಅನ್ನಿಸಿತು.

ಮುಂದಿನ ಬುಧವಾರ ಜನನ ಮರಣ ನೋಂದಣಿ ಕಚೇರಿ. ಬೆಂಚು ಚೆನ್ನಾಗಿತ್ತು. ಒಂದು ಕಡೆ ಹೊಸ ಕೂಸು ಎತ್ತಿಕೊಂಡ ದಂಪತಿ, ಇನ್ನೊಂದು ಕಡೆ ಕಪ್ಪು ಕೋಟು ಹಾಕಿ ಮೌನವಾಗಿ ಕೂತ ಇಬ್ಬರು, ನಡುವೆ ಮದುವೆಯ ನೋಟೀಸು ಕೊಡಲು ಬಂದು ಬೆರಳು ಹೆಣೆದುಕೊಂಡು ಕೂತ ಜೋಡಿ. ಹುಟ್ಟು, ಮದುವೆ, ಸಾವು ಮೂರಕ್ಕೂ ಒಂದೇ ಬೆಂಚು, ಒಂದೇ ಟೋಕನ್ ಯಂತ್ರ. ನಾನು ನಡುವೆ ಕೂತು ಮಿಸೆಸ್ ಹಾರ್ಟ್‌ಲಿ ಹೇಗಿದ್ದಿರಬಹುದು ಅಂತ ಯೋಚಿಸುತ್ತಾ ಹೋದೆ. ತೆಳ್ಳಗೆ, ಎತ್ತರಕ್ಕೆ. ಸೇಬಿನ ಕಡುಬು ಮಾಡುವಲ್ಲಿ ಎತ್ತಿದ ಕೈ. ಸೇಬಿನ ಮರ ಇತ್ತಲ್ಲ, ಹಾಗಾಗಿ. ಏಪ್ರಿಲ್‌ನ ಒಂದು ಬೆಳಿಗ್ಗೆ ಹೂವು ಬಿಟ್ಟ ಅದೇ ಮರವನ್ನು ನೋಡುತ್ತಾ ನೋಡುತ್ತಾ ಹೋಗಿಬಿಟ್ಟರು ಅಂದುಕೊಂಡೆ. ಆದರೆ ಮನೆಯಲ್ಲಿ ಹೋದರೆ ನಮಗೆ ಮನೆ ಸಿಗುವುದಿಲ್ಲ ಅನ್ನುವುದು ನೆನಪಾಗಿ, ಅವರನ್ನು ಮೆಲ್ಲಗೆ ಎತ್ತಿಸಿ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಿದೆ. ಅಲ್ಲಿ ಎಲ್ಲರೂ ಅವರನ್ನು ಚೆನ್ನಾಗಿ ನೋಡಿಕೊಂಡರು. ಅಷ್ಟರಲ್ಲಿ ನನ್ನ ನಂಬರ್ ಬಂತು.

"ನೀವು ಅವರಿಗೆ ಸಂಬಂಧಿಕರೋ?" ಎಂದು ಕೌಂಟರಿನ ಹೆಂಗಸು ಮೆಲುದನಿಯಲ್ಲಿ ಕೇಳಿದರು. ಕನಸಿನಿಂದ ಪೂರ್ತಿ ಎದ್ದಿರದ ನಾನು "ಇನ್ನೂ ಇಲ್ಲ" ಅಂದುಬಿಟ್ಟೆ. ಆಕೆ ನನ್ನನ್ನು ಒಂದು ಗಳಿಗೆ ನೋಡಿ, ಹುಡುಕಿ ಬಂದು, ಆ ಹೆಸರಿನವರು ಯಾರೂ ಇಲ್ಲ ಅಂದರು. ಯಾವ ಕೌನ್ಸಿಲಿನ ಗಡಿಯೊಳಗೆ ಪ್ರಾಣ ಹೋಯಿತೋ ಅಲ್ಲೇ ನೋಂದಣಿಯಂತೆ, ಮನೆ ಎಲ್ಲೇ ಇರಲಿ. ಕೆಂಟನ್ ಅನ್ನುವುದು ಎರಡು ಕೌನ್ಸಿಲುಗಳ ಗಡಿಯಲ್ಲಿ ಕೂತಿರುವ ಊರು. ದೊಡ್ಡ ರಸ್ತೆಯ ಈ ಬದಿ ಒಬ್ಬರದ್ದು, ಆ ಬದಿ ಇನ್ನೊಬ್ಬರದ್ದು. ಹಾಲು ತರಲು ಹೋಗಿ ರಸ್ತೆ ದಾಟಿ ಬಿದ್ದು ಸತ್ತರೆ ಬೇರೆ ಕಚೇರಿ.

ಆ ಬದಿಯ ಕಚೇರಿಯಲ್ಲಿದ್ದವರು ಒಬ್ಬ ಗುಜರಾತಿ ಹೆಂಗಸು. ಈ ಸಲ ನಾನು ಎಚ್ಚರದಿಂದ ಇದ್ದೆ. ತಾರೀಖಿನ ಜೊತೆ ಸಮಯವೂ ಸಿಗುತ್ತದೆಯೇ ಅಂತ ಮರ್ಯಾದೆಯಿಂದ ಕೇಳಿದೆ. ಯಾಕೆಂದರೆ ನಕ್ಷತ್ರ ನಮ್ಮ ತಾರೀಖಿನ ಹಾಗೆ ಮಧ್ಯರಾತ್ರಿಗೆ ಬದಲಾಗುವುದಿಲ್ಲ. ಅದು ಯಾವಾಗ ಬೇಕಾದರೂ ಎದ್ದು ಹೋಗುತ್ತದೆ. ಮೇಲಾಗಿ ಪಂಚಾಂಗ ಮೈಸೂರಿನದು. ಬೇಸಿಗೆಯಾದರೆ ನಾಲ್ಕೂವರೆ ಗಂಟೆ ಕಳೆಯಬೇಕು, ಚಳಿಗಾಲವಾದರೆ ಐದೂವರೆ. ಸಾವಿನ ಸಮಯ ಪ್ರಮಾಣಪತ್ರದಲ್ಲಿ ಬರೆಯುವುದೇ ಇಲ್ಲ ಅಂದರು ಆಕೆ. ಆಮೇಲೆ ನನ್ನ ಮುಖವನ್ನೇ ನೋಡಿ, ಗಾಜಿನ ಹತ್ತಿರ ಬಗ್ಗಿ, "ಪಂಚಕ್?" ಅಂದರು. ಅವರಲ್ಲೂ ಇದೆಯಂತೆ. ಪರದೇಶದಲ್ಲಿ ಒಂದು ಕೌಂಟರಿನ ಆಚೀಚೆ ಹೀಗೆ ಒಬ್ಬರಿಗೊಬ್ಬರು ಅರ್ಥವಾದ ಸಂತೋಷವನ್ನು ಏನಂತ ಹೇಳಲಿ. ಆಕೆ ಪಾಪ, ಎರಡೆರಡು ಸಲ ನೋಡಿದರು. ಏಪ್ರಿಲ್ ಅಲ್ಲದೆ ಮಾರ್ಚಿ, ಮೇ ಕೂಡ ನೋಡಿದರು. ಮಿಸೆಸ್ ಹಾರ್ಟ್‌ಲಿ ಅಲ್ಲೂ ಸತ್ತಿರಲಿಲ್ಲ. "ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗಿರಬಹುದು ಭಾಯಿ, ಮೂರನೆಯ ಕೌನ್ಸಿಲಿಗೆ ಹೋಗಿ ನೋಡಿ," ಅಂತ ದಾರಿ ಹೇಳಿಕೊಟ್ಟರು.

ಮೂರನೆಯ ಕಡೆಯೂ ಹೋಗಿ ಬಂದೆ. ಐದನೆಯ ಬುಧವಾರ ಇಸ್ಲಿಂಗ್ಟನ್ ಕಡೆ ಇಡೀ ದೇಶದ ಸೂಚಿ ಪುಸ್ತಕಗಳನ್ನು ಇಟ್ಟಿರುವ ಜಾಗಕ್ಕೂ ಹೋದೆ. ಹುಟ್ಟಿದವರಿಗೆ ಕೆಂಪು ಪುಸ್ತಕ, ಮದುವೆಯಾದವರಿಗೆ ಹಸಿರು, ಹೋದವರಿಗೆ ಕಪ್ಪು. ಒಂದೊಂದೂ ಒಂದು ಮಗುವಿನಷ್ಟು ಭಾರ. ಜನ ಅವನ್ನು ಎದೆಗೆ ಅವಚಿಕೊಂಡು ತಂದು ಮೇಜಿನ ಮೇಲೆ ಇಡುತ್ತಿದ್ದರು. ಎಲ್ಲರೂ ಯಾರೋ ಒಬ್ಬರನ್ನು ಹುಡುಕುತ್ತಿದ್ದರು, ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ನನಗೆ ಹೊರಗೆ ಬರಲು ಮನಸ್ಸೇ ಆಗಲಿಲ್ಲ. ಈ ವರ್ಷದ ಕಪ್ಪು ಪುಸ್ತಕ ಇನ್ನೂ ಬಂದಿಲ್ಲ ಅಂತ ಮೊದಲೇ ತಿಳಿಸಿದ್ದರು, ಆದರೂ ಹಳೆಯ ಹಾರ್ಟ್‌ಲಿಗಳನ್ನು ಓದುತ್ತಾ ಕೂತೆ. ಮನೆಗೆ ಬರುವಾಗ ಟ್ಯೂಬ್ ರೈಲಿನಲ್ಲಿ ನನ್ನ ಸ್ಟೇಷನ್ ದಾಟಿ ಎಷ್ಟೋ ದೂರ ಹೋಗಿಬಿಟ್ಟಿದ್ದೆ. ಅಷ್ಟು ಹೊತ್ತಿಗೆ ಮಿಸೆಸ್ ಹಾರ್ಟ್‌ಲಿ ಬಗ್ಗೆ ನನಗೆ ಒಂದು ಥರ ಮಮತೆ ಬೆಳೆದುಬಿಟ್ಟಿತ್ತು. ಬೆಂಚುಗಳ ಮೇಲೆ ಕೂತು ಕೂತು ಅವರ ಸಂಸ್ಕಾರ ಮಾಡಿಸಿ, ವೈಕುಂಠ ಸಮಾರಾಧನೆಯನ್ನೂ ಮುಗಿಸಿ, ಬಂದವರಿಗೆ ಸೇಬಿನ ಕಡುಬನ್ನೂ ಬಡಿಸಿದ್ದೆ.

ಮನೆಗೆ ಬಂದರೆ ವತ್ಸಲಾ ಮುಖ ಬಾಡಿತ್ತು. ಏಜೆಂಟ್ ಫೋನ್ ಮಾಡಿದ್ದನಂತೆ. ಇನ್ನೊಬ್ಬರು ಆ ಮನೆ ಕೇಳುತ್ತಿದ್ದಾರೆ, ಈ ವಾರದೊಳಗೆ ಹೌದೋ ಅಲ್ಲವೋ ಹೇಳಿ ಅಂದನಂತೆ. "ಎಷ್ಟು ಬುಧವಾರ ಆಯ್ತು ನೀವು ಓಡಾಡೋಕೆ ಶುರು ಮಾಡಿ? ಏನು ಸಿಕ್ತು?" ಅಂದಳು ಚಪಾತಿ ಲಟ್ಟಿಸುತ್ತಾ. ಈ ಬದಿಯ ಕೌನ್ಸಿಲಿನಲ್ಲಿ ಇಲ್ಲ, ಆ ಬದಿಯಲ್ಲಿ ಇಲ್ಲ, ಆಸ್ಪತ್ರೆಯ ಕಡೆ ಇಲ್ಲ ಅಂತ ನಾನು ವರದಿ ಒಪ್ಪಿಸಿ, ಇನ್ನು ಊರಾಚೆಯ ಕಚೇರಿಗಳನ್ನು ಹಿಡಿಯಬೇಕು, ಸಮುದ್ರದ ದಂಡೆಗೆ ಹವಾ ಬದಲಾವಣೆಗೆ ಹೋಗಿ ಅಲ್ಲೇ ತೀರಿಕೊಂಡಿರಬಹುದು ಅನ್ನುವ ನನ್ನ ಊಹೆಯನ್ನೂ ಹೇಳಿದೆ. ಲಟ್ಟಣಿಗೆ ನಿಂತಿತು.

"ರೀ," ಅಂದಳು. "ಎಲ್ಲೂ ಸತ್ತಿಲ್ಲ ಅಂದ್ರೆ ಬದುಕಿರಬಹುದಲ್ವಾ?"

ಇಷ್ಟು ಕಚೇರಿ ಸುತ್ತಿದ ನನಗೆ ಆ ಒಂದು ಸಾಧ್ಯತೆ ಹೊಳೆದೇ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನನಗೆ ಸ್ವಲ್ಪ ಬೇಜಾರೂ ಆಯಿತು. ಅಷ್ಟು ಅಚ್ಚುಕಟ್ಟಾಗಿ ಕಳಿಸಿಕೊಟ್ಟಿದ್ದೆನಲ್ಲ. ವತ್ಸಲಾ ಕೈ ಒರೆಸಿಕೊಂಡು ಹೋಗಿ ಏಜೆಂಟನಿಗೆ ಫೋನ್ ಮಾಡಿ, "ಆ ಮನೆಯ ಅಮ್ಮ ಈಗ ಎಲ್ಲಿದ್ದಾರೆ?" ಅಂತ ಒಂದೇ ಮಾತು ಕೇಳಿದಳು. ಏಪ್ರಿಲ್‌ನಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ. ಈಗ ಸಟನ್ ಕಡೆ, ತಂಗಿಯ ಮಗಳ ಮನೆಯ ಹತ್ತಿರ, ವೃದ್ಧರನ್ನು ನೋಡಿಕೊಳ್ಳುವ ಒಂದು ಹೋಮಿನಲ್ಲಿ ಇದ್ದಾರಂತೆ. ಚೆನ್ನಾಗಿದ್ದಾರಂತೆ. ಫೋನ್ ಇಟ್ಟ ವತ್ಸಲಾ ನಕ್ಕಳು, ನಗುತ್ತಾ ನಗುತ್ತಾ ಅವಳ ಕಣ್ಣು ಒದ್ದೆಯಾಯಿತು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ಅವಳಿಗೆ ಹೊಸ ಚಿಂತೆ. "ಬದುಕಿರೋರ ಮನೆ ಅದು. ಅವರ ಮುಖನೂ ನೋಡದೆ ಹೇಗ್ರೀ ತಗೊಳ್ಳೋದು? ಅವರ ಬಾಯಿಂದ ಒಂದು ಒಳ್ಳೆ ಮಾತು ಬರಲಿ," ಅಂದಳು. ಏಜೆಂಟನಿಗೆ ಇದು ವಿಚಿತ್ರವೆನಿಸಿತು, ಆದರೆ ತಂಗಿಯ ಮಗಳು ಸಂತೋಷದಿಂದ ಬನ್ನಿ ಅಂದರು. ಶುಕ್ರವಾರ ಇಬ್ಬರೂ ರಜ ಹಾಕಿ, ಟ್ಯೂಬು ಬದಲಿಸಿ, ರೈಲು ಹಿಡಿದು, ಲಂಡನ್ನಿನ ಈ ತುದಿಯಿಂದ ಆ ತುದಿಗೆ ಹೊರಟೆವು. ವತ್ಸಲಾಳ ಚೀಲದಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮದ ಬಟ್ಟಲು.

ಮಿಸೆಸ್ ಹಾರ್ಟ್‌ಲಿ ಎತ್ತರವೂ ಇರಲಿಲ್ಲ, ತೆಳ್ಳಗೂ ಇರಲಿಲ್ಲ. ಗುಂಡುಗುಂಡಗೆ, ಕೆನ್ನೆ ಕೆಂಪಗೆ, ಕಣ್ಣು ತುಂಬ ಚುರುಕು. ಕಡುಬು ಮಾಡಲು ತನಗೆ ಬರುವುದೇ ಇಲ್ಲ, ಸೇಬೆಲ್ಲ ಹಕ್ಕಿಗಳಿಗೇ ಅಂದರು. ಅಷ್ಟು ದಿನ ಸತ್ತವರೆಂದು ತಿಳಿದಿದ್ದವರು ಎದುರಿಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದರೆ ಮನಸ್ಸು ಹತೋಟಿಯಲ್ಲಿರುವುದಿಲ್ಲ. ನಾನು ನಾಲ್ಕು ವಾರದಿಂದ ಅವರನ್ನು ಮರಣದ ದಾಖಲೆಗಳಲ್ಲಿ ಹುಡುಕುತ್ತಿದ್ದ ಸಂಗತಿಯನ್ನು ಬಡಬಡನೆ ಹೇಳಿಬಿಟ್ಟೆ. ವತ್ಸಲಾ ನನ್ನ ಕಡೆ ಬೀರಿದ ನೋಟ ಇವತ್ತಿಗೂ ನೆನಪಿದೆ. ಮಿಸೆಸ್ ಹಾರ್ಟ್‌ಲಿ ಬಿಸ್ಕತ್ತು ಕೆಳಗಿಟ್ಟು, "ಎಲ್ಲ ಕಡೆ ಸರಿಯಾಗಿ ನೋಡಿದಿರಾ?" ಅಂತ ಕೇಳಿದರು. ನೋಡಿದೆ ಅಂದೆ. "ಹಾಗಾದರೆ ನಿಶ್ಚಿಂತೆ," ಅಂದರು.

ಮನೆ ಇಷ್ಟವಾಯಿತೇ ಅಂತ ಕೇಳಿದರು. ವತ್ಸಲಾ ಹಿಂದಿನ ಕೋಣೆಯ ಕಿಟಕಿಯ ಮಾತು ಎತ್ತಿದಳು. ಮುದುಕಿಯ ಮುಖ ಅರಳಿತು. "ಅಲ್ಲಿ ಪರದೆ ಹಾಕಬೇಡಮ್ಮ. ಫ್ರೆಡ್‌ಗೆ ಆ ಕಿಟಕಿ ಅಂದರೆ ಪ್ರಾಣ. ನನ್ನ ಗಂಡ. ಕಡೆಯ ವರ್ಷ ಪೂರ್ತಿ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದ. ನಾನು ಟೀ ತರಲು ಒಳಗೆ ಹೋಗಿದ್ದೆ. ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅದೇ ಕುರ್ಚಿಯಲ್ಲಿ."

ನನ್ನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಇಷ್ಟು ವಾರ ನಾನು ಹೆಂಡತಿಯನ್ನು ಹುಡುಕುತ್ತಿದ್ದೆ. ಒಂಟಿ ಹೆಂಗಸಿಗೆ ಒಬ್ಬ ಗಂಡ ಇದ್ದಿರಬಹುದು, ಅವನು ಎಲ್ಲೋ ಒಂದು ಕಡೆ ಸತ್ತಿರಲೇಬೇಕು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಮುಗಿಯಿತು, ಮನೆ ಹೋಯಿತು ಅಂದುಕೊಂಡು ವತ್ಸಲಾ ಕಡೆ ನೋಡಿದೆ. ಅವಳು ಆಗಲೇ ಚೀಲದಿಂದ ಕುಂಕುಮದ ಬಟ್ಟಲು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಬೆರಳು ಬಟ್ಟಲಿನ ಮುಚ್ಚಳದ ಮೇಲೆ ಹಾಗೇ ನಿಂತಿತ್ತು. ಗಂಡ ಹೋದವರಿಗೆ ನಮ್ಮಲ್ಲಿ ಅದನ್ನು ಕೊಡುವುದಿಲ್ಲ. ನಿಮಗೆ ಹೇಳಬೇಕಾಗಿಲ್ಲ.

"ಆಮೇಲೆ ನೀವು ಎಲ್ಲಿಗೆ ಹೋದಿರಿ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲಿಗೆ ಹೋಗಲಿ? ಅಲ್ಲೇ ಇದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ."

"ಒಬ್ಬರೇ? ಭಯ ಆಗಲಿಲ್ಲವೇ?"

ಮಿಸೆಸ್ ಹಾರ್ಟ್‌ಲಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಫ್ರೆಡ್‌ಗೆ ಯಾಕಮ್ಮ ಭಯಪಡಲಿ?" ಅಂದರು. "ಭಯ ಆಗಿದ್ದು ಇಲ್ಲಿಗೆ ಬಂದಾಗ. ಇಲ್ಲಿ ಯಾರೂ ನನಗೆ ಗೊತ್ತಿರಲಿಲ್ಲ."

ವತ್ಸಲಾ ಮುಚ್ಚಳ ತೆಗೆದಳು. ಎದ್ದು ಅವರ ಕುರ್ಚಿಯ ಹತ್ತಿರ ಹೋಗಿ, ಇದು ನಮ್ಮಲ್ಲಿ ದೊಡ್ಡವರಿಗೆ ಕೊಡುವ ಮರ್ಯಾದೆ ಅಂತ ಹೇಳಿ ಬಟ್ಟಲು ಮುಂದೆ ಹಿಡಿದಳು. ಮಿಸೆಸ್ ಹಾರ್ಟ್‌ಲಿ ಕನ್ನಡಕ ತೆಗೆದು ಹಣೆ ಮುಂದೆ ಚಾಚಿದರು. ಅವಳು ಕುಂಕುಮ ಇಟ್ಟು, ಹಣ್ಣು ಎಲೆ ಅಡಿಕೆ ಮಡಿಲಿಗೆ ಹಾಕಿ, ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದಳು. ಮುದುಕಿ ಗಾಬರಿಯಾಗಿ ಅವಳ ತಲೆ ಹಿಡಿದುಕೊಂಡರು, ಹಿಡಿದುಕೊಂಡ ಕೈ ಬಿಡಲಿಲ್ಲ. "ಹಕ್ಕಿಗಳಿಗೆ ಸ್ವಲ್ಪ ಸೇಬು ಬಿಡಿ," ಅಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ವಾಪಸ್ ರೈಲಿನಲ್ಲಿ ಅವಳು ಬಟ್ಟಲಿನ ಮುಚ್ಚಳ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ, "ಅವರು ಒಬ್ಬರೇ ಇದ್ದರು. ನಾವು ಇಬ್ಬರಿದ್ದೀವಿ. ಏಜೆಂಟ್‌ಗೆ ಫೋನ್ ಮಾಡಿ," ಅಂದಳು. ಭಾನುವಾರ ಅತ್ತೆ ಮತ್ತೆ ನಕ್ಷತ್ರ ಕೇಳಿದಾಗ, "ಆಯಮ್ಮ ಬದುಕಿದ್ದಾರೆ ಅಮ್ಮ, ಚೆನ್ನಾಗಿದ್ದಾರೆ, ನಾನೇ ನಮಸ್ಕಾರ ಮಾಡಿ ಬಂದೆ," ಅಂದಳು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅತ್ತೆಗೂ ಸಮಾಧಾನವಾಯಿತು.

ಈ ಮನೆಗೆ ಬಂದು ಈಗ ಕೆಲವು ವರ್ಷಗಳೇ ಆದವು. ವತ್ಸಲಾ ಹಿಂದಿನ ಕೋಣೆಗೆ ಪರದೆ ಹಾಕಿಲ್ಲ. ಕಿಟಕಿಯ ಹತ್ತಿರ ಒಂದು ಕುರ್ಚಿ ಇಟ್ಟುಕೊಂಡು ಕಾಫಿ ಕುಡಿಯುತ್ತಾಳೆ, ಹಕ್ಕಿ ನೋಡುತ್ತಾಳೆ, ತಲೆದಿಂಬಿಗೆ ತಲೆ ಕೊಟ್ಟರೆ ಬೆಳಗಿನ ತನಕ ಒಂದೇ ನಿದ್ದೆ. ತೊಂದರೆಯೆಲ್ಲ ನನ್ನದು. ಫ್ರೆಡ್ ಹಾರ್ಟ್‌ಲಿ ಯಾವ ದಿನ ಹೋದರು ಅನ್ನುವುದನ್ನು ನಾನು ಒಂದು ಮಧ್ಯಾಹ್ನದಲ್ಲಿ ತಿಳಿದುಕೊಂಡು ಬರಬಹುದು. ಹೋಗಿಲ್ಲ. ಬುಧವಾರ ಬಂದರೆ ಏನೋ ಒಂದು ಕೆಲಸ ಹೇಳಿಕೊಳ್ಳುತ್ತೇನೆ. ತಾರೀಖು ಸಿಕ್ಕಿತು, ಪಂಚಾಂಗ ತೆರೆದೆ, ಅದು ಧನಿಷ್ಠಾ ಆಗಿದ್ದರೆ? ನಕ್ಷತ್ರವನ್ನು ನಂಬದವನು ನಾನೇ. ಆದರೂ ಸಂಜೆ ಆ ಕೋಣೆಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಸಲ ಸಣ್ಣಗೆ ಕೆಮ್ಮುವ ಅಭ್ಯಾಸ ನನಗೆ ಹೇಗೋ ಬಂದುಬಿಟ್ಟಿದೆ. ವತ್ಸಲಾ ಕಿಟಕಿಯಿಂದ ಮುಖ ತಿರುಗಿಸದೆ, "ಫ್ರೆಡ್ ಏನೂ ಅಂದ್ಕೊಳ್ಳಲ್ಲ, ಒಳಗೆ ಬನ್ನಿ," ಅನ್ನುತ್ತಾಳೆ. ಹೋಗುತ್ತೇನೆ. ಆದರೆ ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟರೆ ಬೇಡ ಅಂದು, ನಿಂತುಕೊಂಡೇ ಕಾಫಿ ಕುಡಿಯುತ್ತೇನೆ.